ಫೋನಿನಲ್ಲಿ ಬರೆದದ್ದು, ನೌಕರಿಗೆ ತಟ್ಟಿದ್ದು

ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಬರಹ, ಚಿತ್ರ, ವಿಡಿಯೊ ಯಾವುದೇ ಇರಲಿ, ಕಾನೂನಿನ ಕಣ್ಣಿಗೆ ಅದು ಪ್ರಕಟಣೆ. ಬರೆದವರ ಮನಸ್ಸಿನಲ್ಲಿ ಅದು ಅರಳಿಕಟ್ಟೆಯ ಹರಟೆಯಷ್ಟೇ ಹಗುರವಾಗಿರಬಹುದು. ಆದರೆ ಕಟ್ಟೆಯ ಮಾತು ಆಡಿದಲ್ಲಿಗೇ ಮುಗಿಯುತ್ತದೆ. ಜಾಲತಾಣದ ಮಾತಿಗೆ ತಾರೀಖು ಇರುತ್ತದೆ, ಗಂಟೆ ನಿಮಿಷಗಳಿರುತ್ತವೆ, ಬರೆದವರ ಹೆಸರಿರುತ್ತದೆ. ಅಳಿಸಿ ಹಾಕಿದ ಮೇಲೂ ಯಾರದೋ ಫೋನಿನಲ್ಲಿ ಅದರ ಸ್ಕ್ರೀನ್‌ಶಾಟ್ ಉಳಿದಿರುತ್ತದೆ.

ಇಂಥ ಒಂದು ಬರಹದಿಂದ ಮೂರು ದಿಕ್ಕಿನಲ್ಲಿ ತೊಂದರೆ ಬರಬಹುದು. ಪೊಲೀಸ್ ಠಾಣೆಯಲ್ಲಿ ಅಪರಾಧ ಪ್ರಕರಣ ದಾಖಲಾಗಬಹುದು. ಮಾನ ಹೋಯಿತೆಂದು ಯಾರಾದರೂ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಪರಿಹಾರ ಕೇಳಬಹುದು. ಕೆಲಸ ಕೊಟ್ಟವರು ಅದನ್ನು ದುರ್ನಡತೆ ಎಂದು ಕರೆದು ಶಿಸ್ತು ಕ್ರಮ ಕೈಗೊಳ್ಳಬಹುದು. ಮೂರೂ ಬೇರೆ ಬೇರೆ ದಾರಿಗಳು, ಮೂರಕ್ಕೂ ಬೇರೆ ಬೇರೆ ಅಳತೆಗೋಲು. ಅಪರಾಧ ಪ್ರಕರಣದಲ್ಲಿ ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಇಲಾಖಾ ವಿಚಾರಣೆಗೆ ಅಷ್ಟು ಬೇಕಿಲ್ಲ; ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು. ಆದ್ದರಿಂದ ಕೋರ್ಟಿನಲ್ಲಿ ಖುಲಾಸೆಯಾದವರಿಗೆ ಕಚೇರಿಯಲ್ಲಿಯೂ ತನ್ನಿಂತಾನೇ ಖುಲಾಸೆ ಸಿಗುವುದಿಲ್ಲ. ಎಫ್‌ಐಆರ್ ರದ್ದಾದರೂ ಅಮಾನತು ಮುಂದುವರಿದಿರುವುದುಂಟು. ಕೆಲಸದಲ್ಲಿರುವ ಜನ ಈ ವ್ಯತ್ಯಾಸವನ್ನು ತಿಳಿಯುವುದು ಹೆಚ್ಚಾಗಿ ನೋಟಿಸ್ ಕೈಗೆ ಬಂದ ಮೇಲೆ.

ಭಾರತದಲ್ಲಿ ಈ ವಿಷಯದ ಕಾನೂನು ಬೆಳೆದ ಬಗೆಯನ್ನು ತಿಳಿಯಲು 2012ರ ನವೆಂಬರ್‌ಗೆ ಹೋಗಬೇಕು. ಬಾಳ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆಗಿತ್ತು. ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬಳು ಆ ಬಂದ್ ಕುರಿತು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಬಳಸಿದ ಕಲಂಗಳಲ್ಲಿ ಒಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ. ಕಾಯ್ದೆ 2000ನೇ ಇಸವಿಯದು. ಈ ಕಲಂ 2008ರ ತಿದ್ದುಪಡಿಯಲ್ಲಿ ಸೇರಿ 2009ರಲ್ಲಿ ಜಾರಿಗೆ ಬಂದಿತ್ತು. ಇನ್ನೊಬ್ಬರಿಗೆ ಕಿರಿಕಿರಿ, ಅನಾನುಕೂಲ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು ಎಂದು ಅದು ಹೇಳುತ್ತಿತ್ತು. ಕಿರಿಕಿರಿ ಎಂದರೇನು, ಯಾರಿಗೆ ಆದ ಕಿರಿಕಿರಿ, ಎಷ್ಟಾದರೆ ಅಪರಾಧ ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ.

ಪಾಲ್ಘರ್ ಬಂಧನದ ಸುದ್ದಿಯಿಂದ ಕಳವಳಗೊಂಡು ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚಲಮೇಶ್ವರ್ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ 66ಎ ಕಲಮನ್ನು ಪೂರ್ತಿಯಾಗಿ ಹೊಡೆದುಹಾಕಿತು. ಒಂದು ವಿಚಾರವನ್ನು ಚರ್ಚಿಸುವುದು, ಅದರ ಪರವಾಗಿ ವಾದಿಸುವುದು, ಜನರನ್ನು ಕೃತ್ಯಕ್ಕೆ ಪ್ರಚೋದಿಸುವುದು ಈ ಮೂರರಲ್ಲಿ ಮೂರನೆಯದನ್ನು ಮುಟ್ಟಿದಾಗ ಮಾತ್ರ ಮಾತಿನ ಮೇಲೆ ನಿರ್ಬಂಧ ಹೇರಬಹುದು ಎಂದು ಪೀಠ ಬಿಡಿಸಿ ಹೇಳಿತು. ಇಷ್ಟಾದರೂ ಠಾಣೆಗಳಲ್ಲಿ 66ಎ ಬಳಕೆ ನಿಲ್ಲಲಿಲ್ಲ. ಸತ್ತ ಕಲಮಿನ ಕೆಳಗೆ ಪ್ರಕರಣ ದಾಖಲಾಗುತ್ತಿರುವುದನ್ನು ಕೇಳಿ 2021ರಲ್ಲಿ ಸುಪ್ರೀಂ ಕೋರ್ಟ್ ದಿಗ್ಭ್ರಮೆ ವ್ಯಕ್ತಪಡಿಸಿತು. ಇನ್ನು ಯಾರ ಮೇಲೂ ಈ ಕಲಂ ಹಾಕಕೂಡದೆಂದು 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಆದೇಶಿಸಬೇಕಾಯಿತು. ಬಂಧನದ ಅವಮಾನ ಅನುಭವಿಸಿದವರಿಗೆ ಆ ವಿಳಂಬದ ಏಳು ವರ್ಷಗಳನ್ನು ಯಾವ ಆದೇಶವೂ ಮರಳಿಸಲಾರದು.

66ಎ ಹೋದರೂ ಉಳಿದ ಕಲಂಗಳು ಸಾಕಷ್ಟಿವೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮಾನನಷ್ಟಕ್ಕೆ ಅದರ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸಾದಾ ಸಜೆ ಅಥವಾ ದಂಡ ಅಥವಾ ಎರಡೂ. ಇವುಗಳ ಬದಲಿಗೆ ಸಮುದಾಯ ಸೇವೆಯನ್ನೂ ವಿಧಿಸಬಹುದು. ಜಾತಿ, ಧರ್ಮ, ಭಾಷೆಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 196ನೇ ಕಲಂ, ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ 299ನೇ ಕಲಂ. ಮಹಿಳೆಯೊಬ್ಬಳು ಅಂತರ್ಜಾಲದಲ್ಲಿ ಏನು ಮಾಡುತ್ತಾಳೆಂದು ಬೆನ್ನುಬಿದ್ದು ಗಮನಿಸುವುದೂ 78ನೇ ಕಲಮಿನಲ್ಲಿ ಹಿಂಬಾಲಿಸುವ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಇನ್ನೊಬ್ಬರ ಗುರುತು ಕದಿಯುವುದು, ಖಾಸಗಿ ಅಂಗಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹರಡುವುದು, ಅಶ್ಲೀಲವಾದದ್ದನ್ನು ಪ್ರಕಟಿಸುವುದು ಪ್ರತ್ಯೇಕ ಅಪರಾಧಗಳಾಗಿಯೇ ಇವೆ. ಮಾನನಷ್ಟವನ್ನು ಅಪರಾಧವೆಂದು ಉಳಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಉಳಿಸಿಕೊಳ್ಳಬಹುದು ಎಂದು 2016ರಲ್ಲಿ ತೀರ್ಪಾಯಿತು.

ತಾವೇ ಬರೆದದ್ದಕ್ಕೆ ಹೊಣೆ ಹೊರುವುದು ಸಹಜ. ಬೇರೆಯವರು ಬರೆದದ್ದನ್ನು ಫಾರ್ವರ್ಡ್ ಮಾಡಿದರೆ? ಲೈಕ್ ಒತ್ತಿದರೆ? ಗ್ರೂಪಿನ ಅಡ್ಮಿನ್ ಆಗಿದ್ದರೆ? ಜನ ಹೆಚ್ಚು ಎಡವುವುದು ಇಲ್ಲಿಯೇ. ನ್ಯಾಯಾಲಯಗಳು ಈ ಮೂರಕ್ಕೂ ಒಂದೇ ಉತ್ತರ ಕೊಟ್ಟಿಲ್ಲ.

ಫಾರ್ವರ್ಡ್ ಮಾಡುವುದು ಹೊಸದಾಗಿ ಪ್ರಕಟಿಸಿದಂತೆಯೇ. ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ಬೈಯುವ ಬರಹವೊಂದನ್ನು ತಮ್ಮ ಫೇಸ್‌ಬುಕ್ ಖಾತೆಯಲ್ಲಿ ಹಂಚಿಕೊಂಡರು. ವಿಷಯ ತಿಳಿದ ಮೇಲೆ ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಪ್ರಕರಣ ರದ್ದುಮಾಡಬೇಕೆಂಬ ಅವರ ಕೋರಿಕೆಯನ್ನು 2023ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ತಳ್ಳಿಹಾಕಿತು. ಮರುತಿಂಗಳು ಸುಪ್ರೀಂ ಕೋರ್ಟಿನಲ್ಲಿ ಅವರ ವಕೀಲರು, ಆ ಹೊತ್ತಿನಲ್ಲಿ ಕಣ್ಣಿಗೆ ಔಷಧಿಯ ಹನಿ ಹಾಕಿಕೊಂಡಿದ್ದರಿಂದ ಬರಹವನ್ನು ಓದಲಾಗದೆ ಹಂಚಿಕೊಂಡರು ಎಂದು ವಾದಿಸಿದರು. ಜಾಲತಾಣ ಬಳಸುವವರು ಅದರ ಪರಿಣಾಮಕ್ಕೂ ಸಿದ್ಧರಿರಬೇಕು ಎಂದು ಪೀಠ ಹೇಳಿತು. ಅಲ್ಲಿಯೂ ಅವರಿಗೆ ವಿನಾಯಿತಿ ಸಿಗಲಿಲ್ಲ. 2024ರ ಫೆಬ್ರವರಿಯಲ್ಲಿ ಚೆನ್ನೈನ ವಿಶೇಷ ನ್ಯಾಯಾಲಯ ಅವರಿಗೆ ಒಂದು ತಿಂಗಳ ಸಜೆ ವಿಧಿಸಿತು. ಓದದೆ ಕಳಿಸಿದೆ ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆ ಸಿಗುವುದಿಲ್ಲ ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಯಿತು. ಅದೇ ತಿಂಗಳು ದೆಹಲಿ ಹೈಕೋರ್ಟ್ ಕೂಡ ಇನ್ನೊಂದು ಪ್ರಕರಣದಲ್ಲಿ, ಮಾನಹಾನಿಕರ ಟ್ವೀಟನ್ನು ಯಾವ ಟಿಪ್ಪಣಿಯೂ ಇಲ್ಲದೆ ಮರುಟ್ವೀಟ್ ಮಾಡುವುದು ಮಾನನಷ್ಟವಾಗಬಹುದು ಎಂದಿತು.

ಲೈಕ್ ವಿಷಯ ಬೇರೆ. ಆಕ್ಷೇಪಾರ್ಹ ಪೋಸ್ಟ್ ಒಂದಕ್ಕೆ ಲೈಕ್ ಒತ್ತಿದವರ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ಲೈಕ್ ಮಾಡುವುದು ಪ್ರಕಟಿಸುವುದಾಗಲಿ ರವಾನಿಸುವುದಾಗಲಿ ಆಗದು, ಹಂಚಿಕೊಂಡರೆ ಆದೀತು ಎಂದು ತೀರ್ಪಿತ್ತಿತು. ಪಾಲ್ಘರ್‌ನ ಗೆಳತಿ ಠಾಣೆಯ ಮೆಟ್ಟಿಲು ಹತ್ತಿ ಹನ್ನೆರಡು ವರ್ಷಗಳೇ ಕಳೆದಿದ್ದವು.

ಅಡ್ಮಿನ್‌ಗಳ ಭಯ ಕರ್ನಾಟಕದಲ್ಲಿ ಹರಡಿದ್ದು 2017ರಲ್ಲಿ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಲ್ಲಿ, ಪ್ರಧಾನಿಯವರ ತಿರುಚಿದ ಅಶ್ಲೀಲ ಚಿತ್ರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂತೆಂದು ಅದರ ಅಡ್ಮಿನ್‌ನನ್ನು ಪೊಲೀಸರು ಬಂಧಿಸಿದ್ದರು. ಆ ಬಳಿಕ ಊರೂರಿನ ಗ್ರೂಪುಗಳಲ್ಲಿ ಅಡ್ಮಿನ್‌ಗಳ ಎಚ್ಚರಿಕೆಯ ಸಂದೇಶ ಮಾಮೂಲಾಯಿತು. ಕಾನೂನಿನ ಸ್ಥಿತಿ ಈಗ ಅಷ್ಟು ಭಯಪಡುವಂಥದ್ದಲ್ಲ. ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಒಂದೇ ಮಾತು ಹೇಳಿವೆ: ಅಡ್ಮಿನ್‌ಗೆ ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರವುಂಟು, ಸದಸ್ಯ ಏನು ಬರೆಯುತ್ತಾನೆಂದು ಮೊದಲೇ ತಡೆಯುವ ಶಕ್ತಿಯಿಲ್ಲ. ಅಡ್ಮಿನ್ ಆ ಕೃತ್ಯದಲ್ಲಿ ತಾನೂ ಪಾಲುಗೊಂಡಿದ್ದರೆ ಅಥವಾ ಮೊದಲೇ ಒಳಸಂಚು ನಡೆದಿದ್ದರೆ ಮಾತ್ರ ಹೊಣೆ. ಇನ್ನೊಬ್ಬರ ಅಪರಾಧ, ಅಡ್ಮಿನ್ ಎಂಬ ಕಾರಣಕ್ಕೇ ತಲೆಗೆ ಬರುವುದಿಲ್ಲ.

ಇನ್ನು ನೌಕರಿಯ ಮಾತು. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ಕೇಂದ್ರ ನೌಕರರಿಗೆ 1964ರ ನಿಯಮಗಳು. ಕರ್ನಾಟಕದ ನೌಕರರಿಗೆ 1966ರ ನಿಯಮಗಳ ಬದಲು 2021ರಲ್ಲಿ ಹೊಸ ನಡತೆ ನಿಯಮಗಳು ಬಂದವು. ಸರ್ಕಾರದ ನೀತಿಯನ್ನು, ಕ್ರಮವನ್ನು ಬಹಿರಂಗವಾಗಿ ಟೀಕಿಸಬಾರದು; ಅನುಮತಿಯಿಲ್ಲದೆ ಕಚೇರಿಯ ಕಡತ, ಮಾಹಿತಿ ಹೊರಗೆ ಕೊಡಬಾರದು; ರಾಜಕೀಯ ಪಕ್ಷದ ಚಟುವಟಿಕೆಯಲ್ಲಿ ತೊಡಗಬಾರದು; ಹುದ್ದೆಗೆ ತಕ್ಕುದಲ್ಲದ ರೀತಿಯಲ್ಲಿ ನಡೆದುಕೊಳ್ಳಬಾರದು. ಕೇಂದ್ರದ ನಿಯಮ ಟೀಕೆಯನ್ನು ನಿಷೇಧಿಸುವಾಗ ಮೊದಲು ಹೆಸರಿಸುವುದೇ ಬಾನುಲಿ ಪ್ರಸಾರವನ್ನು. ನಿಯಮ ಬರೆದ ಕಾಲಕ್ಕೆ ನೌಕರನೊಬ್ಬನ ದನಿ ದೂರದವರೆಗೆ ತಲುಪುವ ದಾರಿ ಅದೊಂದೇ ಆಗಿತ್ತು. ಈಗ ಪ್ರತಿ ಗುಮಾಸ್ತರ ಕಿಸೆಯಲ್ಲೂ ಒಂದು ಪ್ರಸಾರ ಕೇಂದ್ರವಿದೆ. ಹಳೆಯ ನಿಯಮ ಎಷ್ಟರ ಮಟ್ಟಿಗೆ ಅದಕ್ಕೆ ಹೊಂದೀತು ಎಂಬುದನ್ನು ನ್ಯಾಯಾಲಯಗಳು ಒಂದೊಂದೇ ಪ್ರಕರಣದಲ್ಲಿ ನಿರ್ಧರಿಸುತ್ತಿವೆ.

ತ್ರಿಪುರಾದ ಮಹಿಳಾ ನೌಕರರೊಬ್ಬರನ್ನು ನಿವೃತ್ತಿಗೆ ಕೆಲವೇ ದಿನ ಉಳಿದಿರುವಾಗ ಅಮಾನತು ಮಾಡಲಾಯಿತು. ಆರೋಪ, ರಾಜಕೀಯ ಸಭೆಯೊಂದಕ್ಕೆ ಹೋಗಿದ್ದು ಮತ್ತು ಫೇಸ್‌ಬುಕ್‌ನಲ್ಲಿ ಬರೆದದ್ದು. 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಕೀಲ್ ಕುರೇಶಿ ಆ ಶಿಸ್ತು ಕ್ರಮವನ್ನು ಮುಗಿಸಿಹಾಕಿದರು. ಸಭೆಯಲ್ಲಿ ಹಾಜರಿರುವುದೇ ಬೇರೆ, ಅದರಲ್ಲಿ ಭಾಗವಹಿಸುವುದೇ ಬೇರೆ. ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯದ ಮೂಲಭೂತ ಹಕ್ಕು ಹೋಗುವುದಿಲ್ಲ, ನಿಯಮಗಳ ಮಿತಿಯೊಳಗೆ ಅದು ಉಳಿದೇ ಇರುತ್ತದೆ ಎಂದು ತೀರ್ಪು ಹೇಳಿತು.

ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ 2023ರಲ್ಲಿ ಬಂದ ಪ್ರಕರಣವನ್ನು ಇನ್ನೂ ಹತ್ತಿರದಿಂದ ನೋಡಬೇಕು, ಏಕೆಂದರೆ ಅದು ಹುಟ್ಟಿದ್ದು ಸಹೋದ್ಯೋಗಿಗಳ ಗ್ರೂಪಿನಲ್ಲಿ, ಅಂಥ ಗ್ರೂಪು ಇಲ್ಲದ ಕಚೇರಿಯೇ ಇಲ್ಲ. ತಮಿಳುನಾಡು ಗ್ರಾಮ ಬ್ಯಾಂಕಿನ ನೌಕರರೊಬ್ಬರು, ಕಾರ್ಮಿಕ ಸಂಘಟನೆಯಲ್ಲೂ ಇದ್ದವರು, ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೇಲಧಿಕಾರಿಗಳ ಆಡಳಿತವನ್ನು ಟೀಕಿಸಿ ಬರೆದರು. ಯಾರೋ ಅದನ್ನು ಆಡಳಿತ ವರ್ಗಕ್ಕೆ ಮುಟ್ಟಿಸಿದರು. ಆರೋಪ ಪತ್ರ ಕೈಗೆ ಬಂತು. ನೌಕರರು ಜಾಲತಾಣದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬ್ಯಾಂಕು ಮೊದಲೇ ಸುತ್ತೋಲೆ ಹೊರಡಿಸಿತ್ತು. ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಆರೋಪ ಪತ್ರವನ್ನೇ ರದ್ದುಮಾಡಿದರು. ಯಾವುದೇ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಒಂದಲ್ಲ ಒಂದು ಕೊರಗು ಇದ್ದೇ ಇರುತ್ತದೆ, ಅದನ್ನು ಹೊರಹಾಕಲು ಜಾಗ ಬೇಕು, ಹೊರಹಾಕಿದರೆ ಮನಸ್ಸು ಹಗುರಾಗುವುದು ಸಂಸ್ಥೆಗೂ ಒಳ್ಳೆಯದೇ. ಸಂಸ್ಥೆಯ ಹೆಸರಿಗೆ ಧಕ್ಕೆ ಬಂದಾಗ ಮಾತ್ರ ಆಡಳಿತ ನಡುವೆ ಬರಬಹುದು ಎಂಬುದು ತೀರ್ಪಿನ ಸಾರ. ಈ ತೀರ್ಪು ಮುಚ್ಚಿದ ಗ್ರೂಪಿನ ಮಾತಿಗೆ ಅನ್ವಯ. ಅದೇ ಮಾತನ್ನು ಊರಿಗೆಲ್ಲ ಕಾಣುವ ಫೇಸ್‌ಬುಕ್ ಗೋಡೆಯ ಮೇಲೆ ಬರೆದಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು.

ಕೊಲ್ಲಾಪುರದ ಕಾಲೇಜೊಂದರ ಪ್ರಾಧ್ಯಾಪಕರ ಪ್ರಕರಣದಲ್ಲಿ ತೀರ್ಪು ಸುಪ್ರೀಂ ಕೋರ್ಟಿನಿಂದಲೇ ಬಂತು. ಅವರು ಪೋಷಕರು ಮತ್ತು ಶಿಕ್ಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿದ್ದರು. ಜಮ್ಮು ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದ ಆಗಸ್ಟ್ 5 ಕರಾಳ ದಿನ ಎಂದು ಸ್ಟೇಟಸ್ ಹಾಕಿದರು, ಪಾಕಿಸ್ತಾನದ ಸ್ವಾತಂತ್ರ್ಯ ದಿನಕ್ಕೆ ಶುಭಾಶಯವನ್ನೂ ಬರೆದರು. ದ್ವೇಷ ಹರಡಿದ ಆರೋಪದಲ್ಲಿ ಎಫ್‌ಐಆರ್ ದಾಖಲಾಯಿತು, ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಲು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ ರದ್ದುಮಾಡಿತು. ಸರ್ಕಾರದ ನಿರ್ಧಾರವನ್ನು ಖಂಡಿಸುವುದು ಪ್ರತಿಯೊಬ್ಬರ ಹಕ್ಕು. ಒಂದು ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಮೇಲೆ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವವರ ಮೇಲಲ್ಲ ಎಂದು ಪೀಠ ಹೇಳಿತು. ಈ ತತ್ವಗಳನ್ನು ಪೊಲೀಸರಿಗೂ ತಿಳಿಸಿಕೊಡುವ ಕಾಲ ಬಂದಿದೆ ಎಂಬ ಮಾತೂ ಆ ತೀರ್ಪಿನಲ್ಲಿದೆ.

ಈ ತೀರ್ಪುಗಳಿಂದ ಧೈರ್ಯ ತಂದುಕೊಳ್ಳುವ ಮೊದಲು ಖಾಸಗಿ ಸಂಸ್ಥೆಯ ನೌಕರರು ಒಂದು ವಿಷಯ ತಿಳಿದಿರಬೇಕು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವ ಹಕ್ಕು. ಸರ್ಕಾರವೇ ಮಾಲೀಕನಾಗಿರುವಲ್ಲಿ ನೌಕರ ಅದನ್ನು ಹಿಡಿದು ಹೈಕೋರ್ಟಿಗೆ ಹೋಗಬಹುದು. ಖಾಸಗಿ ಕಂಪನಿಯಲ್ಲಿ ನಡೆಯುವುದು ನೇಮಕಾತಿ ಪತ್ರ, ಅದರ ಜೊತೆ ಸಹಿ ಹಾಕಿಸಿಕೊಂಡ ನಡತೆ ಸಂಹಿತೆ, ಜಾಲತಾಣ ಬಳಕೆಯ ನೀತಿ. ಸೇರುವ ದಿನ ಹತ್ತಾರು ಪುಟಗಳಿಗೆ ಓದದೆ ಸಹಿ ಹಾಕುವುದು ಎಲ್ಲ ಕಡೆಯ ರೂಢಿ. ಸಂಸ್ಥೆಯ ಹೆಸರು ಕೆಡಿಸಬಾರದು, ಗ್ರಾಹಕರ ಬಗ್ಗೆ ಬರೆಯಬಾರದು, ಅನುಮತಿಯಿಲ್ಲದೆ ಸಂಸ್ಥೆಯ ಪರವಾಗಿ ಮಾತಾಡಬಾರದು ಎಂಬ ಷರತ್ತುಗಳು ಆ ಪುಟಗಳಲ್ಲೇ ಇರುತ್ತವೆ.

ಕಾರ್ಮಿಕ ಕಾನೂನಿನ ರಕ್ಷಣೆ ಇದ್ದವರಿಗೆ ಆರೋಪ ಪತ್ರ, ವಿಚಾರಣೆ, ಸಮರ್ಥನೆಗೆ ಅವಕಾಶ ಇವೆಲ್ಲ ಸಿಗಬೇಕು. 1946ರ ಸ್ಥಾಯಿ ಆದೇಶಗಳ ಕಾಯ್ದೆ ಯಾವುದು ದುರ್ನಡತೆ, ಅದಕ್ಕೆ ಯಾವ ಕ್ರಮ ಎಂಬುದನ್ನು ಬರಹದಲ್ಲಿ ಇಡಬೇಕೆಂದು ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಕಾಯ್ದೆಯನ್ನೂ ಒಳಗೊಂಡಿದೆ. ಆದರೆ ಸ್ಥಾಯಿ ಆದೇಶಗಳು ಈಗ ಮುನ್ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ಕರ್ನಾಟಕ ಸರ್ಕಾರ ಮಾಹಿತಿ ತಂತ್ರಜ್ಞಾನ ಕಂಪನಿಗಳಿಗೆ 1946ರ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂತು. ಷರತ್ತುಗಳಿದ್ದವು: ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾದಂಥ ಕ್ರಮ ಕೈಗೊಂಡರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಬೆಂಗಳೂರಿನ ಟೆಕ್ಕಿಗಳಲ್ಲಿ ಈ ಷರತ್ತುಗಳ ವಿಷಯ ಗೊತ್ತಿದ್ದವರು ಕಡಿಮೆ. ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗಂತೂ ಕಾರ್ಮಿಕ ನ್ಯಾಯಾಲಯದ ಬಾಗಿಲೇ ಇಲ್ಲ. ಸಿವಿಲ್ ದಾವೆ ಹೂಡಿ ಪರಿಹಾರದ ಹಣ ಕೇಳಬಹುದೇ ಹೊರತು ಹೋದ ಕೆಲಸ ಮರಳುವುದು ಅಪರೂಪ.

ಎಲ್ಲರಿಗಿಂತ ಬೇಗ ಏಟು ತಿನ್ನುವವರು ಗುತ್ತಿಗೆಯವರು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ವೈದ್ಯರೊಬ್ಬರು ತಮ್ಮ ಮದುವೆಗೆ ಮೊದಲಿನ ಫೋಟೊಶೂಟನ್ನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ಮಾಡಿಸಿದರು. ರೋಗಿಯ ಪಾತ್ರಕ್ಕೆ ಒಬ್ಬರನ್ನು ಮಲಗಿಸಿ, ಮೇಲೆ ದೀಪ ಹೊತ್ತಿಸಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಂತೆ ವಧುವರರು ಅಭಿನಯಿಸಿದ ವಿಡಿಯೊ ಫೋನಿಂದ ಫೋನಿಗೆ ಹರಿಯಿತು. ಆರೋಗ್ಯ ಸಚಿವರು ಕೂಡಲೇ ಅವರನ್ನು ಸೇವೆಯಿಂದ ತೆಗೆಯಲು ಸೂಚಿಸಿದರು. ಅದೇ ತಿಂಗಳು ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳ ಮೇಲೂ ಕ್ರಮವಾಯಿತು. ಚಿಕಿತ್ಸೆಯ ಜಾಗ ಚಿತ್ರೀಕರಣಕ್ಕಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಕಾಯಂ ನೌಕರರಾಗಿದ್ದರೆ ಸಂವಿಧಾನದ 311ನೇ ವಿಧಿ ಅಡ್ಡ ಬರುತ್ತಿತ್ತು, ವಿಚಾರಣೆಯಿಲ್ಲದೆ ವಜಾ ಮಾಡುವಂತಿರಲಿಲ್ಲ. ತಪ್ಪು ಒಂದೇ ಆಗಿದ್ದರೂ ನೇಮಕಾತಿಯ ಬಗೆಯನ್ನು ನೋಡಿ ಶಿಕ್ಷೆಯ ವೇಗ ಬದಲಾಗುವುದು ನ್ಯಾಯವೆನಿಸುವುದಿಲ್ಲ. ವಿಡಿಯೊ ವೈರಲ್ ಆದ ಸಂಜೆಯೇ ತೀರ್ಮಾನ ಹೊರಬೀಳಬೇಕೆಂದು ಜನ ಒತ್ತಾಯಿಸುವ ಕಾಲದಲ್ಲಿ, ಎದುರಿನವರ ಮಾತನ್ನೂ ಕೇಳಬೇಕೆಂಬ ತತ್ವವನ್ನು ಗುತ್ತಿಗೆಯವರಿಗೂ ವಿಸ್ತರಿಸುವುದು ತುರ್ತಾಗಿ ಆಗಬೇಕಾದ ಕೆಲಸ.

ವೈದ್ಯರು ಜಾಲತಾಣದಲ್ಲಿ ಹೇಗಿರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನಿಯಮಗಳಲ್ಲಿ ವಿವರವಾಗಿ ಹೇಳಿತ್ತು. ಆ ನಿಯಮಗಳನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ತಡೆಹಿಡಿಯಲಾಯಿತು. ರೋಗಿಯ ಗುಟ್ಟು ಕಾಯುವ ಹಳೆಯ ಕರ್ತವ್ಯ ಮಾತ್ರ ಹಾಗೆಯೇ ಇದೆ. ರೋಗಿಯ ಎಕ್ಸ್‌ರೇ, ಗಾಯದ ಚಿತ್ರ, ಮಂಚದ ಬಳಿಯ ಸೆಲ್ಫಿ ಹಾಕುವ ವೈದ್ಯರು, ದಾದಿಯರು ಅದನ್ನು ನೆನಪಿಡಬೇಕು. ವಕೀಲರಿಗೆ ಜಾಹೀರಾತು ಮೊದಲಿನಿಂದಲೂ ನಿಷಿದ್ಧ. ಜಾಲತಾಣದಲ್ಲಿ ಕಕ್ಷಿದಾರರನ್ನು ಸೆಳೆಯುವುದೂ ಅದೇ ನಿಯಮದೊಳಗೆ ಬರುತ್ತದೆ.

ಗುಟ್ಟಿನ ವಿಷಯದಲ್ಲಿ ಕಂಪನಿಗಳೂ ನಿಷ್ಠುರ. ಒಪ್ಪಂದದ ಮೇಲೆ ಕೆಲಸ ಮಾಡುವಾಗ ಸಿಕ್ಕ ಇನ್ನೊಬ್ಬರ ವೈಯಕ್ತಿಕ ಮಾಹಿತಿಯನ್ನು ಒಪ್ಪಂದ ಮುರಿದು, ನಷ್ಟ ಮಾಡುವ ಉದ್ದೇಶದಿಂದ ಹೊರಗೆ ಕೊಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಷೇರುಪೇಟೆಗೆ ಸಂಬಂಧಿಸಿದ ಗುಟ್ಟಾದರೆ ಅದರ ನಿಯಂತ್ರಕ ಸಂಸ್ಥೆ ಸೆಬಿಯೂ ಬರುತ್ತದೆ. ಹಲವು ದೊಡ್ಡ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ಅಂಕಿಗಳು ಅಧಿಕೃತ ಪ್ರಕಟಣೆಗೂ ಮೊದಲೇ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡಿದ್ದು 2017ರಲ್ಲಿ ಬೆಳಕಿಗೆ ಬಂತು. ಫಾರ್ವರ್ಡ್ ಮಾಡಿದ ಕೆಲವರಿಗೆ ಸೆಬಿ ದಂಡ ಹಾಕಿತು. 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ತೆಗೆದುಹಾಕಿತು, ಏಕೆಂದರೆ ಅಂಕಿಗಳು ಕಂಪನಿಯ ಒಳಗಿನಿಂದಲೇ ಬಂದವು, ಕಳಿಸಿದವರಿಗೆ ಅದು ಗೊತ್ತಿತ್ತು ಎಂಬುದು ರುಜುವಾತಾಗಿರಲಿಲ್ಲ. ತನಿಖೆಗಾಗಿ ಅವರ ಫೋನುಗಳನ್ನು ವಶಪಡಿಸಿಕೊಂಡದ್ದೂ, ಅಷ್ಟು ವರ್ಷಗಳ ಅನುಮಾನವೂ ಮಾತ್ರ ಅವರ ಪಾಲಿಗೆ ಬಂದೇ ಬಂತು.

ತನ್ನ ಸಂಸ್ಥೆಯನ್ನು ಬೈಯುವುದಷ್ಟೇ ಅಲ್ಲ, ಹೊಗಳುವುದಕ್ಕೂ ನಿಯಮವಿದೆ. ಕಂಪನಿಯಿಂದ ಸಂಬಳ ಅಥವಾ ಬೇರೆ ಲಾಭ ಪಡೆಯುವವರು ಅದರ ಉತ್ಪನ್ನವನ್ನು ಶಿಫಾರಸು ಮಾಡುವಾಗ ಆ ನಂಟನ್ನು ತಿಳಿಸಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷ, ಮರುಕಳಿಸಿದರೆ ಐವತ್ತು ಲಕ್ಷ ರೂಪಾಯಿವರೆಗೆ ದಂಡ.

ಕೆಲಸದ ಜಾಗದ ಕಿರುಕುಳವೂ ಈಗ ಫೋನಿನೊಳಗೆ ಬಂದಿದೆ. ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿಯಿಂದ ಬರುವ ಸಂದೇಶ, ಗ್ರೂಪಿನಲ್ಲಿ ಹೆಣ್ಣುಮಕ್ಕಳಿರುವಾಗ ಹಾಕುವ ಅಸಭ್ಯ ನಗೆಚಿತ್ರ, ಪ್ರೊಫೈಲ್ ಫೋಟೊ ಬಗ್ಗೆ ಬರೆಯುವ ಟಿಪ್ಪಣಿ ಇವೆಲ್ಲ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರಬಲ್ಲವು. ಮಾತಿನ ಮೂಲಕವಾಗಲಿ, ಮಾತಿಲ್ಲದೆಯಾಗಲಿ, ಬೇಡವಾದ ಲೈಂಗಿಕ ನಡವಳಿಕೆ ಎಂದೇ ಕಾಯ್ದೆಯ ವ್ಯಾಖ್ಯೆ. ಕಿರುಕುಳ ಕೊಟ್ಟವನೂ ಪಟ್ಟವಳೂ ಒಂದೇ ಕಟ್ಟಡದಲ್ಲಿ ಇರಬೇಕೆಂದಿಲ್ಲ. ಬೇರೆ ರಾಜ್ಯದ ಶಾಖೆಯಲ್ಲಿದ್ದ ಮಹಿಳೆಗೆ ಸಂದೇಶ ಕಳಿಸಿದ ಬ್ಯಾಂಕ್ ಅಧಿಕಾರಿಯೊಬ್ಬರು, ಅದು ತಮ್ಮ ಕೆಲಸದ ಸ್ಥಳವಲ್ಲ ಎಂದು ವಾದಿಸಿದಾಗ, ಡಿಜಿಟಲ್ ವೇದಿಕೆಯಲ್ಲಿ ಅದೆಲ್ಲ ಒಂದೇ ಕೆಲಸದ ಸ್ಥಳ ಎಂದು ರಾಜಸ್ಥಾನ ಹೈಕೋರ್ಟ್ 2021ರಲ್ಲಿ ಹೇಳಿತು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆಯಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ದೂರಿನ ವಿವರವನ್ನು, ದೂರು ಕೊಟ್ಟವರ ಮತ್ತು ಎದುರಿನವರ ಗುರುತನ್ನು ಪ್ರಕಟಿಸುವುದನ್ನು ಕಾಯ್ದೆಯ 16ನೇ ಕಲಂ ನಿಷೇಧಿಸುತ್ತದೆ. ಸಮಿತಿಯಲ್ಲಿ ವಿಚಾರಣೆ ನಡೆಯುವಾಗ ಸಹೋದ್ಯೋಗಿಗಳು ಗ್ರೂಪಿನಲ್ಲಿ ಅದರ ಚರ್ಚೆಗೆ ಇಳಿಯುವುದೂ ಈ ಕಾರಣಕ್ಕೆ ತಪ್ಪು. ದೂರು ಕೊಟ್ಟ ಹೆಣ್ಣುಮಗಳಿಗೆ ಆ ಚರ್ಚೆ ಮೊದಲಿನ ಕಿರುಕುಳದಷ್ಟೇ ನೋವು ಕೊಡುತ್ತದೆ.

ನೌಕರರ ಖಾಸಗಿ ಖಾತೆಯೊಳಗೆ ಮಾಲೀಕರು ಎಷ್ಟು ಇಣುಕಬಹುದು? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆ ತೀರ್ಪನ್ನು ಕಂಡರು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ಕಲಂಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ನೌಕರರ ಮಟ್ಟಿಗೆ ಅದರ ಎರಡು ಅಂಶ ಮುಖ್ಯ. ಒಬ್ಬರು ತಾವಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆಯ ರಕ್ಷಣೆಯಿಲ್ಲ. ಹಾಗಾಗಿ ಎಲ್ಲರಿಗೂ ತೆರೆದಿಟ್ಟ ಪೋಸ್ಟುಗಳನ್ನು ಎಚ್‌ಆರ್ ವಿಭಾಗ ನೋಡಿ ನೇಮಕಾತಿಯ ತೀರ್ಮಾನಕ್ಕೆ ಬಂದರೆ ಈ ಕಾಯ್ದೆ ತಡೆಯುವುದಿಲ್ಲ. ಎರಡನೆಯದಾಗಿ, ಉದ್ಯೋಗದ ಉದ್ದೇಶಕ್ಕೆ, ಸಂಸ್ಥೆಯ ಗುಟ್ಟು ಸೋರದಂತೆ ತಡೆಯುವುದಕ್ಕೆ ಮಾಲೀಕರು ನೌಕರರ ದತ್ತಾಂಶವನ್ನು ಅವರ ಒಪ್ಪಿಗೆಯಿಲ್ಲದೆಯೇ ಬಳಸಬಹುದು. ಈ ವಿನಾಯಿತಿ ಬಹಳ ಅಗಲವಾಯಿತು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಸ್ವಂತ ವಾಟ್ಸ್‌ಆ್ಯಪ್ ತೆರೆದಿಡುವವರು ಇದನ್ನು ಅರಿತಿರಬೇಕು.

ಕನ್ನಡಿಗರು ಹೆಚ್ಚಿರುವ ಕೊಲ್ಲಿ ದೇಶಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಅಲ್ಲಿ ವೀಸಾ ನೌಕರಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ನೆಲೆಯೂ ಹೋದಂತೆ. 2020ರ ಏಪ್ರಿಲ್‌ನಲ್ಲಿ ಧರ್ಮನಿಂದೆಯ ಪೋಸ್ಟುಗಳಿಗಾಗಿ ಯುಎಇಯಲ್ಲಿ ಹಲವು ಭಾರತೀಯರು ಕೆಲಸ ಕಳೆದುಕೊಂಡರು. ತಾರತಮ್ಯ ನಮ್ಮ ನೈತಿಕತೆಗೂ ಕಾನೂನಿಗೂ ವಿರುದ್ಧ ಎಂದು ಅಲ್ಲಿನ ಭಾರತದ ರಾಯಭಾರಿ ಅನಿವಾಸಿಗಳನ್ನು ಎಚ್ಚರಿಸಿದರು. ತಪ್ಪು ಮಾಡದವರಿಗೂ ಶಿಕ್ಷೆಯಾದದ್ದುಂಟು. ಉಡುಪಿ ಜಿಲ್ಲೆಯ ಕಾರ್ಮಿಕರೊಬ್ಬರು ಸೌದಿ ಯುವರಾಜನನ್ನು ನಿಂದಿಸಿದ ಫೇಸ್‌ಬುಕ್ ಪೋಸ್ಟಿಗಾಗಿ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಜೈಲು ಸೇರಿದರು. ಪತ್ನಿ ಉಡುಪಿಯಲ್ಲಿ ದೂರು ಕೊಟ್ಟರು. ಅವರ ಹೆಸರಿನಲ್ಲಿ ಬೇರೆಯವರು ನಕಲಿ ಖಾತೆ ತೆರೆದು ಹಾಗೆ ಬರೆದಿದ್ದರೆಂದು ಜಿಲ್ಲೆಯ ಪೊಲೀಸರು ಪತ್ತೆಹಚ್ಚಿ ಆರೋಪಿಗಳನ್ನು ಬಂಧಿಸಿದರು. ಆ ತನಿಖೆಯ ಕಾಗದಪತ್ರ ಸೌದಿಯವರೆಗೆ ತಲುಪಿ, ಅವರು ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ಮಂಗಳೂರಿನ ಮತ್ತೊಬ್ಬರ ಸ್ಥಿತಿಯೂ ಇಂಥದ್ದೇ. ಅವರ ಪತ್ನಿಯ ಅರ್ಜಿ 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಾಗ, ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಮುಚ್ಚಿಸಲು ಆದೇಶಿಸಬೇಕಾದೀತೆಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಎಚ್ಚರಿಸಿದರು. ನಕಲಿ ಖಾತೆ ಕಂಡ ದಿನವೇ ಜಾಲತಾಣದ ಕಂಪನಿಗೂ ಸೈಬರ್ ಪೊಲೀಸರಿಗೂ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳುವುದು ಪರದೇಶದಲ್ಲಿರುವವರಿಗೆ ಜೀವರಕ್ಷಣೆಯ ವಿಷಯ.

ಯಾವ ಪ್ರಕರಣವಾದರೂ ಕೊನೆಗೆ ನಿಲ್ಲುವುದು ಸಾಕ್ಷ್ಯದ ಮೇಲೆ. ಬರೀ ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ನ್ಯಾಯಾಲಯದಲ್ಲಿ ಸಾಲದು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆ ಪ್ರಮಾಣಪತ್ರದ ನಮೂನೆಯನ್ನೂ ಕೊಡುತ್ತದೆ. ಯಾವ ಸಾಧನದಿಂದ ತೆಗೆದದ್ದು, ಕಡತದ ಹ್ಯಾಶ್ ಮೌಲ್ಯ ಎಷ್ಟು ಎಂಬುದನ್ನು ಅದರಲ್ಲಿ ತುಂಬಬೇಕು. ಮೂಲ ಸಂದೇಶವಿರುವ ಫೋನನ್ನು ಹಾಗೆಯೇ ಕಾಪಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾನೂನು ಅಷ್ಟು ಬಿಗಿಯಾಗಿ ಅನ್ವಯಿಸದು. ಆದರೂ ಆ ಬರಹ ತನ್ನದಲ್ಲ, ತಿದ್ದಿದ್ದು, ಅರ್ಧ ಕತ್ತರಿಸಿದ್ದು ಎಂದು ಹೇಳುವ, ಪೂರ್ಣ ಸಂಭಾಷಣೆಯನ್ನು ಮುಂದಿಡಬೇಕೆಂದು ಕೇಳುವ ಹಕ್ಕು ನೌಕರನಿಗಿದೆ.

ಕಾರಣ ಕೇಳುವ ನೋಟಿಸ್ ಬಂದವರು ಗಾಬರಿಯಲ್ಲಿ ಪೋಸ್ಟನ್ನೂ ಖಾತೆಯನ್ನೂ ಅಳಿಸಿಬಿಡುವುದು ಸಾಮಾನ್ಯ. ಅದರಿಂದ ಎದುರಿನವರ ಬಳಿಯ ಪ್ರತಿ ಅಳಿಯುವುದಿಲ್ಲ, ತಮ್ಮ ಪರವಾಗಿದ್ದ ಹಿಂದುಮುಂದಿನ ಮಾತುಗಳು ಮಾತ್ರ ಅಳಿಯುತ್ತವೆ. ಮೊದಲು ಪೂರ್ತಿ ಪ್ರತಿ ತೆಗೆದಿಟ್ಟುಕೊಂಡು, ನೋಟಿಸಿನಲ್ಲಿ ಯಾವ ನಿಯಮ ಉಲ್ಲಂಘನೆಯಾಗಿದೆ ಎಂದು ಬರೆದಿದ್ದಾರೆ ನೋಡಿ, ಕೊಟ್ಟ ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಡಬೇಕು. ಮಾತಿನಲ್ಲಿ ಕೇಳಿದ ಕ್ಷಮೆ ಕಡತದಲ್ಲಿ ದಾಖಲಾಗುವುದಿಲ್ಲ. ಕ್ಷಮೆ ಕೇಳುವುದಾದರೆ ಏನು ಬರೆದೆ, ಯಾವಾಗ ತೆಗೆದೆ ಎಂಬುದರ ಜೊತೆ ಸ್ಪಷ್ಟವಾಗಿ ಕೇಳುವುದು ಲೇಸು, ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ. ಎಫ್‌ಐಆರ್ ಕೂಡ ಆಗಿದ್ದರೆ ಕಚೇರಿಗೆ ಕೊಡುವ ಉತ್ತರವನ್ನು ವಕೀಲರಿಗೆ ತೋರಿಸದೆ ಕೊಡಬಾರದು, ಏಕೆಂದರೆ ಕಚೇರಿಯ ಕಡತದಲ್ಲಿ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ತಮ್ಮ ವಿರುದ್ಧವೇ ಹಾಜರಾಗಬಹುದು. ಮಾತಿಗೆ ಸಂಬಂಧಿಸಿದ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಪೊಲೀಸರು ಪ್ರಕರಣ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ. ದೂರು ಬಂದಿದೆ ಎಂದು ಠಾಣೆಯಿಂದ ಕರೆ ಬಂದವರು ಹದಿನಾಲ್ಕು ದಿನಗಳೊಳಗೆ ಮುಗಿಯಬೇಕಾದ ಆ ಪ್ರಾಥಮಿಕ ವಿಚಾರಣೆಯನ್ನು ವಕೀಲರ ಮೂಲಕ ಕೋರಬಹುದು.